ಶಾಂಡ್ಲಿಯರ್ ಪಕ್ಕದ ಸೀಟು

ಲಂಡನ್‌ಗೆ ಹೋದ್ರೆ ಮ್ಯೂಸಿಕಲ್, ಅಂದ್ರೆ ಹಾಡು-ಕುಣಿತದ ನಾಟಕ, ನೋಡ್ಲೇಬೇಕು ಅಂತ ಎಲ್ರೂ ಹೇಳ್ತಾರೆ, ಟಿಕೆಟ್ ರೇಟ್ ಮಾತ್ರ ಯಾರೂ ಬಾಯಿ ಬಿಡಲ್ಲ. ಆನ್‌ಲೈನ್‌ನಲ್ಲಿ ಸ್ಟಾಲ್ಸ್ (ಕೆಳಗೆ ಸ್ಟೇಜ್ ಎದುರಿಗಿರೋ) ಸೀಟು ನೋಡಿ ಪೌಂಡನ್ನ ರೂಪಾಯಿಗೆ ಗುಣಿಸಿದ್ಮೇಲೆ ನಮ್ಮೆಜಮಾನ್ರು ಸುಮ್ನೆ ಫೋನ್ ಮಗುಚಿಟ್ರು 😀

ಆಮೇಲೆ ಲೆಸ್ಟರ್ ಸ್ಕ್ವೇರ್‌ನಲ್ಲಿರೋ ಟಿಕೆಟಿಎಸ್ ಬೂತ್‌ಗೆ ಹೋದ್ವಿ, 1980ರಿಂದ ಇದೆ ಅದು, ಅವತ್ತಿಂದು ಮತ್ತೆ ಆ ವಾರದ ಶೋಗಳಿಗೆ ಮಿಕ್ಕಿರೋ ಸೀಟುಗಳನ್ನ ಡಿಸ್ಕೌಂಟ್‌ನಲ್ಲಿ ಕೊಡ್ತಾರೆ. 1986ರಲ್ಲಿ ಶುರುವಾದ ಫ್ಯಾಂಟಮ್ ಆಫ್ ದಿ ಒಪೆರಾ ಅನ್ನೋ ಮ್ಯೂಸಿಕಲ್ ಇನ್ನೂ ಓಡ್ತಿದೆ, ಅದಕ್ಕೇ ಕೇಳಿದ್ವಿ. ಕೌಂಟರ್ ಹುಡುಗಿ ಸ್ಕ್ರೀನ್ ನಮ್ ಕಡೆ ತಿರುಗಿಸಿ, ಈ ಬಾಲ್ಕನಿ ಸೀಟು ಅಗ್ಗ, ಆದ್ರೆ ಎದುರಿಗೆ ಕಂಬಿ ಅಡ್ಡ ಬರುತ್ತೆ, ಸ್ಟೇಜಿನ ಒಂದು ಮೂಲೆ ಕಾಣಲ್ಲ, ಶಾಂಡ್ಲಿಯರ್ (ಮೇಲೆ ನೇತಾಡೋ ದೊಡ್ಡ ತೂಗುದೀಪ) ಮಾತ್ರ ಚೆನ್ನಾಗಿ ಕಾಣುತ್ತೆ ಅಂದ್ಲು. ಟಿಕೆಟ್ ಮೇಲೂ ರಿಸ್ಟ್ರಿಕ್ಟೆಡ್ ವ್ಯೂ ಅಂತ ಪ್ರಿಂಟ್ ಹಾಕಿದಾರೆ ಮಾರಾಯ್ರೆ, ಇಷ್ಟು ಪ್ರಾಮಾಣಿಕವಾಗಿ ವ್ಯಾಪಾರ ಮಾಡೋರನ್ನ ನಾನಂತೂ ನೋಡಿಲ್ಲ.

ಹಾಗ್ ನೋಡಿದ್ರೆ ನಮ್ ಕಂಪನಿ ನಾಟಕದಲ್ಲೂ ಇದೇ ಲೆಕ್ಕ ಅಲ್ವಾ, ಕುರ್ಚಿಗೆ ಒಂದು ರೇಟು, ಬೆಂಚಿಗೆ ಒಂದು, ನೆಲಕ್ಕೆ ಒಂದು. ಹಾಡಿಗೆ ಹಾಡು, ಸೀನರಿಗೆ ಸೀನರಿ. ನೆಲದಲ್ಲಿ ಕೂತೋರೇ ಜೋರಾಗಿ ಒನ್ಸ್ ಮೋರ್ ಕೂಗ್ತಿದ್ದಿದ್ದು, ನಟ ಸತ್ತು ಬಿದ್ದಿದ್ರೂ ಎದ್ದು ಇನ್ನೊಂದ್ಸಲ ಹಾಡ್ಬೇಕು. ಇಲ್ಲಿ ಹಂಗೆ ಕೂಗಿದ್ರೆ ಎತ್ತಿ ಆಚೆ ಹಾಕ್ತಾರೇನೋ.

ನಾಳೆ ಮ್ಯಾಟಿನಿ. ನೋಡಿರೋರು ದಯವಿಟ್ಟು ಕಮೆಂಟಲ್ಲಿ ಕಥೆ ಹೇಳ್ಬೇಡಿ, ಒಳಗೆ ಸ್ವೆಟರ್ ಬೇಕಾಗುತ್ತಾ ಅಷ್ಟು ಹೇಳಿ ಸಾಕು.