ಕ್ಯಾಟ್ ಮತ್ತೆ ಬರೆಯೋದಾ, ಬೇಡ್ವಾ?

ಮೂರು ವಾರದಿಂದ ತಲೆಯಲ್ಲಿ ಇದೊಂದೇ ಓಡುತ್ತಿತ್ತು. ಬರುವ ನವೆಂಬರ್‌ನಲ್ಲಿ ಕ್ಯಾಟ್, ಅಂದರೆ ಐಐಎಂಗಳಂಥ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಎಂಬಿಎ ಓದೋಕೆ ಬರೆಯುವ ಪ್ರವೇಶ ಪರೀಕ್ಷೆ, ಇನ್ನೊಂದು ಸಲ ಬರೆಯಬೇಕಾ, ಇಲ್ಲಾ ಸೀಟು ಕೊಡುತ್ತೇವೆ ಅಂದಿರುವ ಖಾಸಗಿ ಕಾಲೇಜಿಗೆ ಸೇರಿಬಿಡಬೇಕಾ ಅಂತ. ಅಲ್ಲಿ ಮೊದಲ ಕಂತು ಕಟ್ಟೋಕೆ ಈ ಶುಕ್ರವಾರ ಕೊನೆ ದಿನ. ಒಂದು ತೀರ್ಮಾನಕ್ಕಂತೂ ಬಂದಿದ್ದೇನೆ. ಹೇಗೆ ಬಂದೆ ಅಂತ ಬರೆಯುತ್ತೇನೆ, ಇದೇ ಗೊಂದಲದಲ್ಲಿ ಇರುವವರು ಜಾಸ್ತಿ ಜನ ಇದ್ದೀರಿ ಅಂತ ಗೊತ್ತು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಾನು ಬರೆದದ್ದು 2024ರ ನವೆಂಬರ್ 24ರಂದು. ಡಿಸೆಂಬರ್ 19ಕ್ಕೆ ಫಲಿತಾಂಶ ಬಂತು. ಒಟ್ಟು 93.4 ಪರ್ಸೆಂಟೈಲ್. ಕ್ವಾಂಟ್‌ನಲ್ಲಿ (ಗಣಿತದ ಭಾಗ) 97, ಇಂಗ್ಲಿಷ್ ಓದುವ ಭಾಗದಲ್ಲಿ 92, ಅಂಕಿಅಂಶ ಮತ್ತು ತರ್ಕದ ಭಾಗವಾದ ಡಿಐಎಲ್‌ಆರ್‌ನಲ್ಲಿ 71.

93 ಅಂದ ತಕ್ಷಣ ಮನೆಯವರೆಲ್ಲ ಖುಷಿಪಟ್ಟರು. ನೂರಕ್ಕೆ 93 ಅಂತ ತಿಳಿದರು. ಅದು ಅಂಕ ಅಲ್ಲ, ಸಾಲಿನಲ್ಲಿ ನಾವು ಎಲ್ಲಿ ನಿಂತಿದ್ದೇವೆ ಅನ್ನೋ ಲೆಕ್ಕ. ಆ ಸಲ ಪರೀಕ್ಷೆಗೆ ಕೂತವರು ಸುಮಾರು 2.93 ಲಕ್ಷ ಜನ. ಅಂದರೆ ನನ್ನ ಮುಂದೆ ಹತ್ತಿರ ಹತ್ತಿರ 19 ಸಾವಿರ ಜನ ಇದ್ದಾರೆ. ಜೊತೆಗೆ ಐಐಎಂಗಳು ಒಟ್ಟು ಪರ್ಸೆಂಟೈಲ್ ಮಾತ್ರ ನೋಡಲ್ಲ, ಒಂದೊಂದು ಭಾಗಕ್ಕೂ ಕನಿಷ್ಠ ಇಷ್ಟು ಅಂತ ಗೆರೆ ಹಾಕಿರುತ್ತವೆ. ಬೆಂಗಳೂರಿನ ಐಐಎಂ ಜನರಲ್‌ನವರಿಗೆ ಡಿಐಎಲ್‌ಆರ್‌ನಲ್ಲಿ 75 ಕೇಳುತ್ತೆ. ನನ್ನದು 71. ಬನ್ನೇರುಘಟ್ಟ ರಸ್ತೆಯ ಆ ಕಲ್ಲುಗೋಡೆಯ ಕ್ಯಾಂಪಸ್ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ. ಉಳಿದದ್ದೆಲ್ಲ ಆಮೇಲಿನ ಮಾತು, ಆ ಗೆರೆಯನ್ನೇ ನಾನು ದಾಟಿಲ್ಲ.

ಫಲಿತಾಂಶದ ರಾತ್ರಿ ಮತ್ತೆ ಬರೆದೇ ಬರೆಯುತ್ತೇನೆ ಅಂತ ಅತ್ತುಕೊಂಡೇ ಹೇಳಿದ್ದೆ. ಆದರೆ ಅದು ಸಿಟ್ಟಿನಲ್ಲಿ ಬಂದ ಮಾತು. ಎಂಬಿಎಗೇ ಬರೆಯುವ ಇನ್ನೊಂದು ಪರೀಕ್ಷೆ ಜಿಮ್ಯಾಟ್ ಆಗಿದ್ದರೆ 16 ದಿನ ಬಿಟ್ಟು ಮತ್ತೆ ಬರೆಯಬಹುದು, ಆ ಸ್ಕೋರು 5 ವರ್ಷ ನಡೆಯುತ್ತೆ. ಕ್ಯಾಟ್ ಹಾಗಲ್ಲ. ವರ್ಷಕ್ಕೆ ಒಂದೇ ಭಾನುವಾರ, ಎರಡೇ ಗಂಟೆ. ಎಷ್ಟು ಸಲ ಬೇಕಾದರೂ ಬರೆಯಿರಿ, ವಯಸ್ಸಿನ ಮಿತಿಯೂ ಇಲ್ಲ, ಆದರೆ ಪ್ರತಿ ಸಲಕ್ಕೂ ಒಂದು ವರ್ಷ ಹೋಗುತ್ತೆ.

ಸಂಕ್ರಾಂತಿಗೆ ತಿಪಟೂರಿಗೆ ಹೋಗಿದ್ದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ನಮ್ಮದು ಕೊಬ್ಬರಿ ವ್ಯಾಪಾರ. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ವರ್ಷ ಬೇಕು. ಅಪ್ಪ ಅಟ್ಟದ ಏಣಿ ಹತ್ತಿ ಒಂದು ಕಾಯಿ ಇಳಿಸಿಕೊಂಡು ಬಂದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ್ದರೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತೆ. ಅದು ಅನ್ನಲಿಲ್ಲ. "ನೋಡಮ್ಮ, ಇದು ಇನ್ನೂ ಹಸಿ. ಎರಡು ತಿಂಗಳು ಬಿಟ್ಟರೆ ಆಗುತ್ತೆ. ಕೊಳೆತಿದ್ದರೆ ಇನ್ನೊಂದು ವರ್ಷ ಇಟ್ಟರೂ ಅಷ್ಟೇ. ನಿಂದು ಯಾವುದು ಅಂತ ನೀನೇ ನೋಡ್ಕೋಬೇಕು" ಅಂದರು. ಅವರಿಗೆ ಪರ್ಸೆಂಟೈಲ್ ಗೊತ್ತಿಲ್ಲ. ಆದರೆ ಅಷ್ಟು ದಿನ ಯಾರೂ ನನ್ನನ್ನು ಇಷ್ಟು ಸರಿಯಾಗಿ ಕೇಳಿರಲಿಲ್ಲ.

ವಾಪಸ್ ಬಂದ ಭಾನುವಾರ ನನ್ನ ರೆಸ್ಪಾನ್ಸ್ ಶೀಟ್, ಅಂದರೆ ನಾನು ಕೊಟ್ಟ ಉತ್ತರಗಳ ಹಾಳೆ, ತೆಗೆದೆ. ಪರೀಕ್ಷೆಯಾದ ಕೆಲವೇ ದಿನಕ್ಕೆ ಅದು ಸಿಗುತ್ತೆ, ಸರಿ ಉತ್ತರಗಳನ್ನೂ ಕೊಡುತ್ತಾರೆ. ತುಂಬಾ ಜನ ಸ್ಕೋರ್ ಲೆಕ್ಕ ಹಾಕಿ ಮುಚ್ಚಿಡುತ್ತಾರೆ, ನಾನೂ ಹಾಗೇ ಮಾಡಿದ್ದೆ. ಡಿಐಎಲ್‌ಆರ್‌ನಲ್ಲಿ 5 ಸೆಟ್ (ಒಂದು ಒಗಟು, ಅದರ ಮೇಲೆ ನಾಲ್ಕೈದು ಪ್ರಶ್ನೆ), ಒಟ್ಟು 22 ಪ್ರಶ್ನೆ, 40 ನಿಮಿಷ. ನನ್ನದು 5 ಸರಿ, 2 ತಪ್ಪು. ಸರಿಗೆ 3, ಆಯ್ಕೆ ಕೊಟ್ಟಿರುವ ಪ್ರಶ್ನೆ ತಪ್ಪಾದರೆ ಮೈನಸ್ 1, ಒಟ್ಟು 13 ಅಂಕ.

ಬಾಗಿಲು ಹಾಕಿಕೊಂಡು, ಗಡಿಯಾರ ನೋಡದೆ ಆ 5 ಸೆಟ್ಟನ್ನೂ ಮತ್ತೆ ಬಿಡಿಸಿದೆ. ಮುಗಿಸೋಕೆ 1 ಗಂಟೆ 50 ನಿಮಿಷ ಆಯಿತು. ನಾಲ್ಕು ಸೆಟ್ ಪೂರ್ತಿ ಸರಿ ಬಂದವು. ಅದರಲ್ಲಿ ಎರಡನ್ನು ಪರೀಕ್ಷೆಯ ದಿನ ನಾನು ತೆರೆದು ಓದೇ ಇರಲಿಲ್ಲ! ಆವತ್ತು ಮೊದಲು ಕಣ್ಣಿಗೆ ಬಿದ್ದ ಸೆಟ್ ಹಿಡಿದು ಕೂತಿದ್ದೆ. ಖಾಲಿ ಮನೆಗಳನ್ನು ತುಂಬುವ ಟೇಬಲ್ಲು. ಒಂದು ಮನೆಯಲ್ಲಿ 7 ಬರೆದು, ಹೊಡೆದು, 6 ಬರೆದು, ಮತ್ತೆ 7 ಮಾಡಿ, ತಲೆ ಎತ್ತಿ ನೋಡಿದರೆ 19 ನಿಮಿಷ ಹೋಗಿತ್ತು. ಇಷ್ಟು ಹೊತ್ತು ಕೂತಿದ್ದೇನೆ, ಈಗ ಹೇಗೆ ಬಿಡೋದು ಅಂತ ಇನ್ನೂ ಕೂತೆ. ಮನೆಯಲ್ಲಿ ಬಿಡಿಸುವಾಗ ಗೊತ್ತಾಯಿತು, 'ಕನಿಷ್ಠ 2' ಅಂತ ಇದ್ದದ್ದನ್ನು ನಾನು 'ಸರಿಯಾಗಿ 2' ಅಂತ ಓದಿಕೊಂಡಿದ್ದೆ.

ಆವತ್ತೇ ನನಗೆ ಮುಕ್ಕಾಲು ಉತ್ತರ ಸಿಕ್ಕಿತು. ಸಮಯ ಕೊಟ್ಟರೂ ನಾಲ್ಕು ಸೆಟ್ ಬಿಡಿಸೋಕೆ ಆಗದೇ ಇದ್ದಿದ್ದರೆ ನಾನು ಶುಕ್ರವಾರ ಫೀಸು ಕಟ್ಟುತ್ತಿದ್ದೆ. ಬುದ್ಧಿಗೆ ಎಟುಕದ್ದೇನೂ ಅಲ್ಲಿರಲಿಲ್ಲ. ಯಾವ ಸೆಟ್ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನೋದು ನನಗೆ ಬರಲ್ಲ, ಅಷ್ಟೇ. ಅದನ್ನು ಕಲಿಯಬಹುದು. ಯಾಕೆ ಬರಲ್ಲ ಅನ್ನೋದೂ ಗೊತ್ತು. ಕಳೆದ ವರ್ಷ 14 ಮಾಕ್ (ಅಭ್ಯಾಸಕ್ಕೆ ಬರೆಯುವ ಅಣಕು ಪರೀಕ್ಷೆ) ಬರೆದೆ, ಬರೆದ ಮೇಲೆ ಕೂತು ನೋಡಿದ್ದು ಮೂರನ್ನು ಮಾತ್ರ. ಭಾನುವಾರ ಮಾಕ್, ಸೋಮವಾರ ಆಫೀಸು, ಅಲ್ಲಿಗೆ ಅದರ ಕಥೆ ಮುಗೀತು.

ನನ್ನ ರೂಮ್‌ಮೇಟ್ ಇದಕ್ಕೆ ತದ್ವಿರುದ್ಧ. ಅವಳಿಗೆ ಎರಡು ಸಲವೂ 96ರ ಆಸುಪಾಸು, ಮೂರು ಭಾಗದಲ್ಲೂ ಸಮ. ಮಾಕ್‌ಗಳನ್ನು ಒಂದೂ ಬಿಡದೆ ತಿರುಗಿ ನೋಡಿದ್ದಾಳೆ. ಇನ್ನು ಎಲ್ಲಿ ಹೆಚ್ಚಿಸಲಿ ಅಂತ ಅವಳೇ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಬರೆಯಲ್ಲ, ಸಿಕ್ಕಿದ ಕಾಲೇಜಿಗೆ ಜೂನ್‌ನಲ್ಲಿ ಹೋಗುತ್ತಿದ್ದಾಳೆ. ಅವಳ ಲೆಕ್ಕ ಅವಳಿಗೆ ಸರಿ ಅಂತ ಮನಸಾರೆ ಹೇಳುತ್ತೇನೆ. ಸ್ಲಾಟ್ (ಆ ದಿನದ ಮೂರು ಪಾಳಿಗಳಲ್ಲಿ ನಮ್ಮ ಪಾಲಿಗೆ ಬಂದದ್ದು) ಕಷ್ಟ ಬಂತು ಅಂತ ಮಾತ್ರ ಮತ್ತೆ ಬರೆಯಬೇಡಿ. ಮೂರು ಸ್ಲಾಟಿನ ಅಂಕವನ್ನೂ ಸರಿದೂಗಿಸಿಯೇ ಪರ್ಸೆಂಟೈಲ್ ಕೊಡುತ್ತಾರೆ, ಮುಂದಿನ ಸಲ ಸುಲಭದ ಸ್ಲಾಟ್ ಸಿಗುತ್ತೆ ಅಂತ ಒಂದು ವರ್ಷ ಕಾಯೋದು ನನಗಂತೂ ಸರಿ ಕಾಣಲ್ಲ.

ಮತ್ತೆ ಬರೆದರೂ ಬದಲಾಗದ ಒಂದು ವಿಷಯ ಇದೆ, ಅದನ್ನೂ ಹೇಳಬೇಕು. ಬೆಂಗಳೂರು ಐಐಎಂ ಕ್ಯಾಟ್ ಜೊತೆಗೆ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕ, ಕೆಲಸದ ಅನುಭವ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತೆ. ನನ್ನ ಪಿಯುಸಿ 81. ಅದು ಹಾಗೇ ಇರುತ್ತೆ. ನಾಳೆ ನನಗೆ 98 ಬಂದರೂ ಅಲ್ಲಿಂದ ಕರೆ ಬರದೇ ಇರಬಹುದು. ಇದನ್ನು ಒಪ್ಪಿಕೊಳ್ಳೋಕೆ ನನಗೆ ಒಂದು ವಾರ ಬೇಕಾಯಿತು. ಹೊಸ ಐಐಎಂಗಳಲ್ಲಿ ಯಾವುದು ಸಿಕ್ಕರೂ ಸಂತೋಷವಾಗಿ ಹೋಗುತ್ತೇನಾ ಅಂತ ನನ್ನನ್ನೇ ಕೇಳಿಕೊಂಡೆ. ಹೋಗುತ್ತೇನೆ. ಇಲ್ಲ ಅನ್ನೋ ಉತ್ತರ ಬಂದಿದ್ದರೆ ಮತ್ತೆ ಬರೆಯೋದು ಬೇಡ ಅಂತಲೇ ನಿರ್ಧರಿಸುತ್ತಿದ್ದೆ.

ಕೆಲಸ ಬಿಡಲ್ಲ. ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸಬೇಕು, ಅದೂ ಅಲ್ಲದೆ ಇಡೀ ದಿನ ಓದೋಕೆ ಕೂತರೆ ನಾನು ಹೆದರಿಕೆಯಲ್ಲೇ ಅರ್ಧ ದಿನ ಕಳೆಯುತ್ತೇನೆ. ವಿಜಯನಗರದಿಂದ ವೈಟ್‌ಫೀಲ್ಡ್ ಕಡೆಗೆ ಮೆಟ್ರೋದಲ್ಲಿ ಹೋಗೋ ಹೊತ್ತು ಇಂಗ್ಲಿಷ್ ಓದಿಗೆ. ಬೆಳಿಗ್ಗೆ ಆರರಿಂದ ಏಳೂವರೆ ಸೆಟ್‌ಗಳಿಗೆ. ಮಾಕ್ ಈ ಸಲ ಹದಿನೈದು ದಿನಕ್ಕೊಂದೇ, ಬರೆದ ಭಾನುವಾರದ ಮುಂದಿನ ಭಾನುವಾರ ಪೂರ್ತಿ ಅದನ್ನೇ ಬಿಚ್ಚಿ ನೋಡೋದು.

ನಿನ್ನೆ ರಾತ್ರಿ ಕಾಲೇಜಿಗೆ ಸೀಟು ಬೇಡ ಅಂತ ಮೇಲ್ ಕಳಿಸಿದೆ. ಕೈ ನಡುಗಿತು, ಸುಳ್ಳು ಹೇಳಲ್ಲ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. "ಸರಿ ಹಾಗಾದ್ರೆ, ಓದ್ಕೋ" ಅಂದು, ಊಟ ಆಯ್ತಾ ಅಂತ ಕೇಳಿದರು.

ಇವತ್ತು ಬೆಳಿಗ್ಗೆ 5 ಸೆಟ್ ಮುಂದಿಟ್ಟುಕೊಂಡು ಒಂದನ್ನೂ ಬಿಡಿಸಲಿಲ್ಲ. ಒಂದೊಂದಕ್ಕೆ ಒಂದೊಂದು ನಿಮಿಷ ಓದಿ, ಯಾವ ಮೂರನ್ನು ಹಿಡಿಯುತ್ತೇನೆ ಅಂತ ಪಕ್ಕದಲ್ಲಿ ಬರೆದಿಟ್ಟೆ. ಆಮೇಲೆ ಉತ್ತರ ನೋಡಿ ತಾಳೆ ಹಾಕಿದೆ. ಎರಡು ಸರಿಯಾಗಿ ಆರಿಸಿದ್ದೆ, ಒಂದು ತಪ್ಪು. ನಾಳೆ ಇನ್ನೊಂದು 5.