ಎಕ್ಸ್‌ಟ್ರಾ ಪ್ಲೇಯರ್

ಪಿಟಿ ಸರ್ ಹೋದ್ರು ಅಂತ ಬ್ಯಾಚ್ ಗ್ರೂಪಲ್ಲಿ ಮೆಸೇಜ್ ಬಂದಾಗ ಮೊದಲು ನೆನಪಾಗಿದ್ದು ಅವರ ಮುಖ ಅಲ್ಲ, ವಿಸಿಲ್ಲು. ಕೊಡಗಿನ ಮಳೆಗೆ ತುಕ್ಕು ಹಿಡಿದು ಊದಿದ್ರೆ ಅರ್ಧ ಗಾಳಿ, ಅರ್ಧ ಸದ್ದು.

1986, ನಾನಾಗ ಎಂಟನೇ ಕ್ಲಾಸು. ಹಾಕಿ ಚೆನ್ನಾಗೇ ಆಡ್ತಿದ್ದೆ (ಯಾರನ್ನ ಬೇಕಾದ್ರೂ ಕೇಳಿ), ಆದ್ರೂ ಸರ್ ಪ್ರತಿ ಮ್ಯಾಚಿಗೂ ನನ್ನ ಎಕ್ಸ್‌ಟ್ರಾ ಅಂತ ಕೂರ್ಸೋರು. ಒಂದಿನ ಸಿಟ್ಟಲ್ಲಿ ಅಷ್ಟೂ ಸ್ಟಿಕ್ ಹೊತ್ಕೊಂಡೋಗಿ ಸೌದೆ ರಾಶಿ ಹಿಂದೆ ಬಚ್ಚಿಟ್ಟೆ, ಎದುರು ಟೀಮು ಬಂದು ನಿಂತಿದೆ, ನಮ್ಮೋರೆಲ್ಲ ಬರಿಗೈ! ಇರುವೆ ಕಚ್ಚಿ ಊದಿದ್ದ ನನ್ನ ಕೈ ನೋಡಿ ಸರ್‌ಗೆ ಗೊತ್ತಾಗೋಯ್ತು.

ಹೊಡೀಲಿಲ್ಲ. ಮ್ಯಾಚ್ ಮುಗಿದ್ಮೇಲೆ ಮೆಟ್ಟಿಲ ಮೇಲೆ ಕೂರಿಸ್ಕೊಂಡು, "ಅಜ್ಜಮಾಡ ದೇವಯ್ಯ ಯಾರು ಗೊತ್ತೇನೋ?" ಅಂದ್ರು. ನಮ್ಮ ಕೊಡಗಿನೋರೇ, ಏರ್‌ಫೋರ್ಸಲ್ಲಿ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಮಿಸ್ಟೇರ್ ವಿಮಾನಗಳು ಹೊರಟಾಗ ಇವರು ಬರೀ ಸ್ಟ್ಯಾಂಡ್‌ಬೈ. "ನಿನ್ ಥರಾನೇ ಎಕ್ಸ್‌ಟ್ರಾ" ಅಂದ್ರು ಸರ್. ಒಬ್ಬರ ಜಾಗ ಖಾಲಿಯಾಯ್ತು, ಇವರು ಹೋದ್ರು, ವಾಪಸ್ ಬರ್ಲಿಲ್ಲ. ಕಾಗದದಲ್ಲಿ "ಮಿಸ್ಸಿಂಗ್".

"ಅವ್ರ ಮನೆಯವ್ರು?" ಅಂದೆ. ಹೆಂಡತಿ, ಇಬ್ಬರು ಹೆಣ್ಮಕ್ಕಳು ಅಂದ್ರು. ಆಮೇಲೆ ತುಂಬಾ ಹೊತ್ತು ಅಂಗಿ ತುದೀಲಿ ವಿಸಿಲ್ ಒರೆಸ್ತಾ ಕೂತಿದ್ರು.

ಈಗ ನಮ್ಮ ಸ್ಕೂಲಲ್ಲಿ ಆ ಮೆಟ್ಟಿಲು ಇಲ್ಲ, ಅರ್ಧ ಗ್ರೌಂಡಲ್ಲಿ ಬಸ್ ನಿಲ್ಲಿಸ್ತಾರೆ. ಸ್ಮಾರ್ಟ್ ಕ್ಲಾಸಿಗೆ ಪ್ರೊಜೆಕ್ಟರ್ ಕೊಡಿಸಿದ್ದು ನಾನೇ, ಹಾಗಾಗಿ ಜಾಸ್ತಿ ಬೈಯೋ ಹಾಗಿಲ್ಲ, ಆದ್ರೆ ಪಿಟಿ ಪೀರಿಯಡ್ಡಲ್ಲೂ ಗಣಿತ ಮಾಡಿಸಿದ್ರೆ ಮಕ್ಕಳಿಗೆ ಸ್ಟಿಕ್ ಬಚ್ಚಿಡೋಕಾದ್ರೂ ಟೈಮ್ ಎಲ್ಲಿ?

1988ರಲ್ಲಿ, ನಾವು ಎಸ್ಸೆಸ್ಸೆಲ್ಸಿ, ಸರ್ ಪ್ರೇಯರ್ ಟೈಮಿಗೆ ಪೇಪರ್ ಹಿಡ್ಕೊಂಡು ಬಂದ್ರು. ದೇವಯ್ಯನೋರಿಗೆ ಮಹಾವೀರ ಚಕ್ರ, 23 ವರ್ಷ ಆದ್ಮೇಲೆ. ಅಲ್ಲೀತನಕ ಅವರು ಏನ್ ಮಾಡಿದ್ರು ಅಂತ್ಲೇ ನಮ್ಮ ದೇಶಕ್ಕೆ ಗೊತ್ತಿರ್ಲಿಲ್ವಂತೆ. ಪಾಕಿಸ್ತಾನದವರೇ ಬರೆಸಿದ ಪುಸ್ತಕದಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕ 1979ರಲ್ಲಿ ಬರೆದ ಮೇಲೇನೇ ಸುಳಿವು ಸಿಕ್ಕಿದ್ದು: ವಾಪಸ್ ಬರೋವಾಗ ಶಬ್ದಕ್ಕಿಂತ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಒಂದು ಅಟ್ಟಿಸ್ಕೊಂಡು ಬಂದು ಹೊಡೀತು, ಏಟು ತಿಂದಿದ್ದ ಆ ಹಳೇ ಮಿಸ್ಟೇರನ್ನೇ ತಿರುಗಿಸಿ ಇವರು ಅದನ್ನ ಉರುಳಿಸಿದ್ರು. ಆ ಪೈಲಟ್ ಹಾರಿ ಬದುಕಿದ, ಇವರು ಉಳೀಲಿಲ್ಲ, ಹಳ್ಳಿಯವರು ಅಲ್ಲೇ ಮಣ್ಣು ಮಾಡಿದ್ರಂತೆ.

ಓದಿ ಮುಗಿಸಿ ಸರ್ ವಿಸಿಲ್ ಊದಿದ್ರು, ಬರೀ ಗಾಳಿ ಬಂತು. ನಾವ್ಯಾರೂ ನಗ್ಲಿಲ್ಲ.

ಸರ್ ತಿಥಿಗೆ ಅಂತ ಊರಿಗೆ ಹೋದಾಗ ಮಡಿಕೇರೀಲಿ ದೇವಯ್ಯನೋರ ಪ್ರತಿಮೆ ಹತ್ರ ಸ್ವಲ್ಪ ಹೊತ್ತು ನಿಂತಿದ್ದೆ. ಅಂದಹಾಗೆ, ಸ್ಟಿಕ್ ಗಲಾಟೆ ಆದ್ಮೇಲಿನ ಮ್ಯಾಚಿಗೂ ಸರ್ ನನ್ನ ಎಕ್ಸ್‌ಟ್ರಾನೇ ಹಾಕಿದ್ರು. ಪೂರ್ತಿ ಮ್ಯಾಚ್ ಶೂ ಲೇಸ್ ಬಿಗಿಯಾಗಿ ಕಟ್ಕೊಂಡೇ ಕೂತಿದ್ದೆ.