ಒಂದನೇ ತರಗತಿಯನ್ನು ತಾವೇ ಇಟ್ಟುಕೊಂಡ ಮುಖ್ಯೋಪಾಧ್ಯಾಯರು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಪ್ರವಾಸ, ಕ್ರೀಡಾಕೂಟ, ವಾರ್ಷಿಕೋತ್ಸವಗಳ ಬಗ್ಗೆ ಉಳಿದ ಗೆಳೆಯರು ಹೇಗೂ ಬರೆಯುತ್ತಾರೆಂಬ ಧೈರ್ಯದಿಂದ, ನಮ್ಮ ದೊಡ್ಡ ಮೇಷ್ಟ್ರ ವೇಳಾಪಟ್ಟಿಯ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡೆ. 1990ರ ದಶಕದ ಕೊನೆಯ ವರ್ಷಗಳಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ಸುತ್ತಿನ ಶಾಲೆಗಳಲ್ಲಿ ಹಿರಿಯ ಮೇಷ್ಟ್ರು ಏಳನೇ ತರಗತಿಯನ್ನು ಇಟ್ಟುಕೊಳ್ಳುವುದು, ಹೊಸದಾಗಿ ಕೆಲಸಕ್ಕೆ ಸೇರಿದವರ ಪಾಲಿಗೆ ಒಂದನೇ ತರಗತಿಯನ್ನು ಬಿಡುವುದು ರೂಢಿಯಾಗಿತ್ತು. ನಮ್ಮ ಮುಖ್ಯೋಪಾಧ್ಯಾಯರು ಇದನ್ನು ತಿರುವುಮುರುವು ಮಾಡಿ, ಬೆಳಗಿನ ಮೊದಲೆರಡು ಅವಧಿಗಳಿಗೆ ಒಂದು ಮತ್ತು ಎರಡನೇ ತರಗತಿಯ ಕೋಣೆಯಲ್ಲಿ ತಮ್ಮ ಹೆಸರನ್ನು ಹಾಕಿಕೊಂಡರು. ಇಲಾಖೆಗೆ ಕಳಿಸಬೇಕಾದ ಮಾಹಿತಿ, ಹಾಜರಾತಿಯ ಲೆಕ್ಕ, ಸಂಬಳದ ಬಿಲ್ಲು ಎಲ್ಲವೂ ಮಧ್ಯಾಹ್ನದ ಮೇಲಿನ ಕೆಲಸಗಳಾದವು.

ಆ ಕೋಣೆಯಲ್ಲಿ ನಡೆಯುತ್ತಿದ್ದುದು ನಲಿ-ಕಲಿ, ಅಂದರೆ ಹಾಡು, ಆಟ, ಕಾರ್ಡುಗಳ ಮೂಲಕ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಪರಿಚಿತವಾಗಿರುವ ಈ ಪದ್ಧತಿ ಮೊದಲು ಕಣ್ಣುಬಿಟ್ಟದ್ದು ನಮ್ಮ ತಾಲ್ಲೂಕಿನಲ್ಲೇ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಇಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳನ್ನು ಹಿಡಿದು ಕಲಿಯುವುದನ್ನು ಕಣ್ಣಾರೆ ನೋಡಿ ಬಂದಿದ್ದರು. ಬಂದವರು ಅದನ್ನು ಹಾಗೆಯೇ ಎತ್ತಿ ತಂದಿಡಲಿಲ್ಲ. ನಮ್ಮ ಕಡೆಯ ಹಾಡು, ಕಥೆ, ಬೆಳೆ, ಪ್ರಾಣಿಗಳನ್ನು ಸೇರಿಸಿ ರಟ್ಟಿನ ಮೇಲೆ ತಾವೇ ಬರೆದರು, ಚಿತ್ರ ಬಿಡಿಸಿದರು, ಮಕ್ಕಳಿಗೆ ಒಗ್ಗದ್ದನ್ನು ಹರಿದು ಮತ್ತೆ ಬರೆದರು. ಗೋಡೆಯ ಮೇಲೆ, ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ನಾವು ಬರೆದ ಹಾಳೆಗಳು, ಗೋಡೆಯ ಕೆಳಭಾಗದಲ್ಲಿ ನಮ್ಮ ಕೈಗೆಟುಕುವ ಕಪ್ಪುಹಲಗೆ. ಬೆಂಚಿರಲಿಲ್ಲ, ಎಲ್ಲರೂ ನೆಲದ ಮೇಲೇ.

ಊರಿನವರಿಗೆ ಇದು ಸುಲಭವಾಗಿ ಹಿಡಿಸಲಿಲ್ಲ. ಅಕ್ಷರಗಳನ್ನು ಅ, ಆ, ಇ, ಈ ಎಂಬ ಕ್ರಮದಲ್ಲಿ ಕಲಿಸದೆ, ರ, ಗ, ಸ, ದ, ಅ ಎಂದು ಆರಂಭಿಸುತ್ತಿದ್ದರು. ಬರೆಯಲು ಸುಲಭವಾದ, ಆಕಾರದಲ್ಲಿ ಒಂದನ್ನೊಂದು ಹೋಲುವ ಈ ಅಕ್ಷರಗಳಿಂದ ಅರಸ, ಸರ, ದರ, ಅಗಸ ಮುಂತಾದ ಪದಗಳನ್ನು ಮಗು ಕೆಲವೇ ದಿನಗಳಲ್ಲಿ ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಿಲ್ಲ. ಆದರೆ ಇದನ್ನು ಮನೆಯವರಿಗೆ ಹೇಳುವವರು ಯಾರು? ಮರಗೆಲಸದ ಆಚಾರರೊಬ್ಬರು ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು, "ಏನ್ ಮೇಷ್ಟ್ರೇ, ನಮ್ ಹೈದ ಅ ಆ ಇ ಈ ಅನ್ನಾಕಿಲ್ಲ, ರ ಗ ಸ ಅಂತ ಗೊಣಗ್ತನೆ, ಇದ್ಯಾವ ಓದು?" ಎಂದು ಕೇಳಿದರು. ಮೇಷ್ಟ್ರು ಅವರನ್ನು ಒಳಗೆ ಕರೆದು ನಮ್ಮ ಜೊತೆ ಚಾಪೆಯ ಮೇಲೆ ಕೂರಿಸಿ, ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು, "ಅಪ್ಪನ ಚೀಲದಲ್ಲಿ ಏನೈತೆ, ಬರಿ" ಎಂದರು. ಅವನು ಸ್ವಲ್ಪ ಯೋಚಿಸಿ, ನಡುವಿನ ರ ತುಸು ಸೊಟ್ಟಗಾದರೂ, "ಗರಗಸ" ಎಂದು ಬರೆದ. ಆಚಾರರು ಬಹಳ ಹೊತ್ತು ಹಲಗೆಯನ್ನೇ ನೋಡಿದರು. ಪೂರ್ತಿ ಒಪ್ಪಿದರೆಂದು ಹೇಳಲಾರೆ, ಏಳುವಾಗ, "ಅದ್ಸರಿ, ಮಗ್ಗಿ ಯಾವಾಗ?" ಎಂದು ಕೇಳಿಯೇ ಹೋದರು.

ನಾನೀಗ ಶಿಕ್ಷಕರ ತರಬೇತಿಯ ಕೆಲಸದಲ್ಲಿರುವುದರಿಂದ, ಶೈಕ್ಷಣಿಕ ನಾಯಕತ್ವದ ಮೇಲೆ ಉಪನ್ಯಾಸ ಮಾಡುವ ಪ್ರಸಂಗ ಆಗಾಗ ಬರುತ್ತದೆ. ಯೋಜನೆ, ಮೇಲ್ವಿಚಾರಣೆ, ಸಮನ್ವಯ ಎಂದು ಟಿಪ್ಪಣಿಯಲ್ಲಿರುವುದನ್ನು ಹೇಳುತ್ತೇನೆ, ಆದರೆ ನನ್ನ ಮನಸ್ಸಿನಲ್ಲಿರುವುದು ಇಷ್ಟೇ: ಹೊರಗಿನಿಂದ ಬರುವ ಅನುಮಾನ, ಆತುರ, ಆಕ್ಷೇಪಣೆಗಳನ್ನು ಮುಖ್ಯಸ್ಥನಾದವನು ತನ್ನ ಮೈಮೇಲೆ ಹಾಕಿಕೊಂಡರೆ ಮಾತ್ರ ಒಳಗೆ ಮಗುವಿಗೆ ತನ್ನ ವೇಗದಲ್ಲಿ ಕಲಿಯಲು ಬಿಡುವು ಸಿಗುತ್ತದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಗದ್ದಲ ಕೇಳಿ ಹುಬ್ಬು ಗಂಟಿಕ್ಕಿ, ಈಗ ಯಾವ ಪಾಠ ನಡೆಯುತ್ತಿದೆ ಎಂದಾಗ, ಮೇಷ್ಟ್ರು ಮಕ್ಕಳ ಕಲಿಕೆಯನ್ನು ಗುರುತು ಹಾಕುವ ಪ್ರಗತಿ ನೋಟವೆಂಬ ಪಟ್ಟಿಯನ್ನು ಬಿಡಿಸಿ ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಒಬ್ಬೊಬ್ಬರನ್ನೇ ತೋರಿಸುತ್ತ ಹೋದರು. ಅಧಿಕಾರಿಗೆ ತೃಪ್ತಿಯಾಯಿತೋ ಬೇಸರವಾಯಿತೋ, ಅಂತೂ ಎದ್ದು ಹೋದರು.

ಆ ಏಣಿಯ ನಿಜವಾದ ಬೆಲೆ ತಿಳಿದದ್ದು ಹಾಡಿಯ, ಅಂದರೆ ಬುಡಕಟ್ಟು ಜನರ ವಸತಿಯ, ಮಕ್ಕಳ ವಿಷಯದಲ್ಲಿ. ಜೇನುಕುರುಬರ ಹಲವು ಕುಟುಂಬಗಳು ಕಾಫಿ ಕುಯ್ಲಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಹೋಗುತ್ತಿದ್ದವು, ಮಕ್ಕಳೂ ಜೊತೆಗೆ ಹೋಗುತ್ತಿದ್ದರು. ಪುಸ್ತಕದ ಪಾಠಗಳಾಗಿದ್ದರೆ, ವಾರಗಟ್ಟಲೆ ತಪ್ಪಿಸಿಕೊಂಡು ಬಂದ ಮಗುವಿಗೆ ತರಗತಿ ಎಲ್ಲಿಗೋ ಹೋಗಿರುತ್ತಿತ್ತು, ಅದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಮುಂದಿನ ವರ್ಷ ಬಿಟ್ಟುಹೋಗುತ್ತಿತ್ತು. ನಮ್ಮಲ್ಲಿ ತೋಟದಿಂದ ವಾಪಸು ಬಂದ ಹುಡುಗಿ ತಾನು ಬಿಟ್ಟುಹೋಗಿದ್ದ ಮೆಟ್ಟಿಲಿನ ಕಾರ್ಡನ್ನೇ ಎತ್ತಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳು ಆಡುವ ನುಡಿ ಬೇರೆಯಾದ್ದರಿಂದ, ಮೇಷ್ಟ್ರು ಅವಳನ್ನು ಮೊದಲು ಅದೇ ಹಾಡಿಯ ದೊಡ್ಡ ಹುಡುಗಿಯ ಪಕ್ಕ ಕೂರಿಸುತ್ತಿದ್ದರು. ಪೂರ್ತಿ ಶಿಕ್ಷಕರ ನೆರವು, ಭಾಗಶಃ ಶಿಕ್ಷಕರ ನೆರವು, ಪೂರ್ತಿ ಸಹಪಾಠಿಯ ನೆರವು, ಭಾಗಶಃ ಸಹಪಾಠಿಯ ನೆರವು, ಕೊನೆಗೆ ಸ್ವಂತ ಕಲಿಕೆ ಎಂದು, ಒಂದೊಂದು ಗುಂಪಿಗೆ ಒಂದರಂತೆ ಇದ್ದ ತಟ್ಟೆಗಳಲ್ಲಿ ತಟ್ಟೆಯಿಂದ ತಟ್ಟೆಗೆ ಸಾಗುವ ಆ ವ್ಯವಸ್ಥೆಯ ಹಿಂದಿನ ವಿಚಾರವನ್ನು ನಾನು ಓದಿದ್ದು ಬಿ.ಎಡ್.ನಲ್ಲಿ. ಮಗು ಒಬ್ಬಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗದಲ್ಲೇ ಕಲಿಕೆ ನಡೆಯುತ್ತದೆಂದು ರಷ್ಯಾದ ಮನೋವಿಜ್ಞಾನಿ ವೈಗೋತ್ಸ್ಕಿ ಹೇಳಿದ್ದನ್ನು ಓದುವಾಗ, ನನಗೆ ಆ ಇಬ್ಬರು ಹುಡುಗಿಯರೇ ಕಾಣುತ್ತಿದ್ದರು.

ಎಲ್ಲವೂ ಸರಿಯಿತ್ತೆಂದಲ್ಲ. ಕಾರ್ಡುಗಳಿಂದ ಪಠ್ಯಪುಸ್ತಕಕ್ಕೆ ದಾಟಿದಾಗ ಉದ್ದನೆಯ ಪಾಠವನ್ನು ಒಂದೇ ಉಸಿರಿಗೆ ಓದುವ ಅಭ್ಯಾಸವಿಲ್ಲದೆ ನಮ್ಮಲ್ಲಿ ಹಲವರು ತಡವರಿಸಿದೆವು. ಮಗ್ಗಿಯ ವಿಷಯದಲ್ಲಿ ಆಚಾರರ ಆತಂಕವೂ ಪೂರ್ತಿ ಸುಳ್ಳಾಗಿರಲಿಲ್ಲ. ಮೇಷ್ಟ್ರಿಗೆ ವರ್ಗವಾದ ಮೇಲಂತೂ ತಟ್ಟೆಗಳೂ ಕಾರ್ಡುಗಳೂ ಬೀರು ಸೇರಿ ಕೆಲಕಾಲ ಅಲ್ಲೇ ಉಳಿದವು. ಅವುಗಳನ್ನು ಹೊರತೆಗೆದವರು, ಹಿಂದೆ ದಿನವೂ ಮೇಷ್ಟ್ರ ಪಕ್ಕದಲ್ಲಿ ಕೂತು ಎರಡನೇ ತರಗತಿಯವರನ್ನು ನೋಡಿಕೊಳ್ಳುತ್ತಿದ್ದ ಟೀಚರಮ್ಮ. ಇಲಿ ಕಡಿದ ಕಾರ್ಡುಗಳನ್ನು ಬೇರ್ಪಡಿಸಿ, ಹೊಸ ರಟ್ಟು ತರಿಸಿ, ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಬರೆಯುತ್ತಿದ್ದರು. ನಾವು ದೊಡ್ಡ ತರಗತಿಯ ಕೆಲವರು ಗೆರೆ ಎಳೆದು, ಬಣ್ಣ ತುಂಬಿ ಕೊಡುತ್ತಿದ್ದೆವು. 2009-10ರಲ್ಲಿ ಸರ್ಕಾರ ಈ ಪದ್ಧತಿಯನ್ನು ರಾಜ್ಯಕ್ಕೆಲ್ಲ ವಿಸ್ತರಿಸಿ ಅಚ್ಚಾದ ಕಾರ್ಡುಗಳನ್ನು ಕಳಿಸಿದಾಗಲೂ, ಅವರು ತಮ್ಮ ಕೈಬರಹದ ಕಾರ್ಡುಗಳಲ್ಲಿ ಕೆಲವನ್ನು ಅವುಗಳ ಜೊತೆಗೇ ಇಟ್ಟುಕೊಂಡಿದ್ದರು. ರಾಗಿ ಕುಯ್ಲಿನ ಹಾಡು ಅಚ್ಚಾದ ಕಾರ್ಡುಗಳಲ್ಲಿ ಇರಲಿಲ್ಲವಂತೆ.